ಕಂದು ಗೆರೆ ಮೂಡದ ಗಾಜು

ನಮ್ಮ ಸಂಶೋಧನಾ ಲ್ಯಾಬಿನಲ್ಲಿ ಗಾಜಿನ ಪಟ್ಟಿಗಳಿಗೆ ಹೆಸರಿರುವುದಿಲ್ಲ, ನಂಬರ್ ಮಾತ್ರ. ಯಾರ ಕಿಡ್ನಿ, ಯಾರ ಗಡ್ಡೆ ಎಂದು ಕೇಳುವಂತಿಲ್ಲ. ನಾನು ಕೇಳಲಿಲ್ಲ, ಊಹಿಸಿದೆ. ಕ್ಯಾನ್ಸರ್ ಗಡ್ಡೆಯೆಂದು ಚಿಕ್ಕಮ್ಮನ ಒಂದು ಕಿಡ್ನಿ ತೆಗೆದದ್ದು ಇದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ, ಹೋದ ವಾರ. ಇವತ್ತು ನನ್ನ ಮುಂದಿದ್ದ ಕಿಡ್ನಿ ಗಡ್ಡೆಯ ತುಂಡು ನಮ್ಮಲ್ಲಿಗೆ ಬಂದದ್ದೂ ಹೋದ ವಾರವೇ. ಇಲ್ಲದ್ದನ್ನು ಇದೆ ಎಂದುಕೊಂಡು ತಲೆ ಕೆಡಿಸಿಕೊಳ್ಳುವುದರಲ್ಲಿ ನಮ್ಮ ಮನೆಯವರನ್ನು ಮೀರಿಸುವವರಿಲ್ಲ.

ಕಿಡ್ನಿಯ ಒಳ್ಳೆಯ ಕೋಶಗಳು ಮನೆ ಬಿಟ್ಟು ಕದಲದ ಜಾತಿ. ಪಕ್ಕದ ಕೋಶವನ್ನು ಒಮ್ಮೆ ಹಿಡಿದರೆ ಮುಗಿಯಿತು. ಅವುಗಳ ನಡುವಿನ ಅಂಟಿಗೆ ಬಣ್ಣ ಹಾಕಿದರೆ ಸುತ್ತ ಕಂದು ಗೆರೆ ಮೂಡುತ್ತದೆ. ಕ್ಯಾನ್ಸರ್ ಬಂದಾಗ ಕೆಲವು ಕೋಶಗಳು ಆ ಅಂಟನ್ನು ಬಿಟ್ಟು ಸಡಿಲವಾದ ಬೇರೊಂದು ಹಿಡಿತ ಕಲಿಯುತ್ತವೆ. ಹಾಗೆ ಕಲಿತವು ಮೈಯೆಲ್ಲ ತಿರುಗಾಟಕ್ಕೆ ಹೊರಡಲೂಬಹುದು. ಗೆರೆ ಎಷ್ಟು ಉಳಿದಿದೆ ಎಂದು ನೋಡುವುದೇ ನನ್ನ ಕೆಲಸ.

ನೋಡಿದೆ. ಒಂದೇ ಒಂದು ಗೆರೆಯೂ ಇಲ್ಲ. ಅಮ್ಮ ಹೋದ ಮೇಲೆ ನನ್ನನ್ನು ಬೈದು ಬೈದೇ ಸಾಕಿದವಳು ಚಿಕ್ಕಮ್ಮ. ಅವಳಿಲ್ಲದ ಮನೆ ನನಗೆ ಬೇಡವೇ ಬೇಡ. ಮೇಜಿನ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತೆ.

ಪಕ್ಕದ ಮೇಜಿನ ಮೇಡಂ ಎದ್ದು ಬಂದು ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು.

"ಈ ಮೂಲೇಲಿರೋ ತುಂಡು ಯಾವುದಮ್ಮ?"

"ಹೋಲಿಸಿ ನೋಡೋಕೆ ಅಂತ ಇಟ್ಟಿರೋ ಒಳ್ಳೆ ಕಿಡ್ನಿ."

"ಅದ್ರಲ್ಲೂ ಗೆರೆ ಇಲ್ವಲ್ಲ! ಕೆಟ್ಟಿರೋದು ಕಿಡ್ನಿನೋ, ನಿನ್ನ ತಲೆನೋ?"

ಅಂಟನ್ನು ಹುಡುಕಿ ಹಿಡಿಯುವ ಮೊದಲ ದ್ರಾವಣವನ್ನೇ ನಾನು ಹಾಕಿರಲಿಲ್ಲ. ಅದರ ಶೀಶೆ ಫ್ರಿಜ್ಜಿನಲ್ಲಿ ತಣ್ಣಗೆ ಕೂತಿತ್ತು.

ಮೂಗು ಒರೆಸಿಕೊಂಡು ಮೇಲಿನ ವಾರ್ಡಿಗೆ ಓಡಿದೆ. ಚಿಕ್ಕಮ್ಮ ದಿಂಬಿಗೊರಗಿ, ಹಾಸಿಗೆ ಹಾಸುವುದು ಹೇಗೆಂದು ನರ್ಸಿಗೆ ಪಾಠ ಹೇಳುತ್ತಿದ್ದಳು. ನಡೆದದ್ದನ್ನೆಲ್ಲ ಒದರಿದೆ.

"ನನ್ ಕಿಡ್ನಿನಾ? ನಿಮ್ ಲ್ಯಾಬಿಗಾ?" ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು, ಹೊಲಿಗೆ ಎಳೆಯಿತೆಂದು ನನ್ನನ್ನೇ ಬೈದಳು. "ಸಂಶೋಧನೆಗೆ ಕೊಡ್ತೀರಾ ಅಂತ ಡಾಕ್ಟ್ರು ಕೇಳಿದ್ರು, ನಾನು ಕೊಡಲ್ಲ ಅಂದೆ. ಒಲೆ ಮುಂದೇನೇ ನಿಂತ್ಕೊಂಡು ಹಾಲು ಉಕ್ಕಿಸೋಳು ನೀನು. ನಿನ್ ಕೈಗೆ ಕೊಡ್ತೀನಾ?"

ಪಕ್ಕದ ಹಾಸಿಗೆಯ ಹೆಂಗಸೂ ನಕ್ಕರು. ನನಗಂತೂ ಕುಣಿಯುವಷ್ಟು ಖುಷಿ. ಅದು ಚಿಕ್ಕಮ್ಮನದಲ್ಲ! ಯಾರದೋ!

"ನನ್ ಕಿಡ್ನಿನ ನಾನು ಕೊಟ್ಟೆ ಕಣಮ್ಮ," ಎಂದರು ಆ ಹೆಂಗಸು. ಅವರ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. "ಆ ಗೆರೆ ನಂದ್ರಲ್ಲಿ ಇದ್ಯಾ?"

ನನಗೆ ನಾಚಿಕೆಯಾಯಿತು. ಅವರ ಮುಖ ನೋಡಲಾಗಲಿಲ್ಲ.

"ಇನ್ನೂ ಸರಿಯಾಗಿ ನೋಡಿಲ್ಲಮ್ಮ," ಎಂದೆ.

ಚಿಕ್ಕಮ್ಮ ಬಾಗಿಲ ಕಡೆ ಕೈ ತೋರಿಸಿದಳು.

"ನಿಂತ್ಕೊಂಡೇನು ಮಾಡ್ತೀಯ? ಹೋಗಿ ನೋಡು. ನಂದು ಅಂದ್ಕೊಂಡು ಅತ್ತೆಯಲ್ಲ, ಇವ್ರದ್ದೂ ಹಂಗೇ ಅಳ್ತಾ ನೋಡು."