ಮೈಕಿಲ್ಲದ ತಮಟೆ

ಶಿವರಂಜಿನಿ ಅನ್ನುವ ಹೆಸರನ್ನು ಅವಳ ಅಪ್ಪ ಚೆಲುವಯ್ಯ ರೇಡಿಯೋದಿಂದ ಎತ್ತಿಕೊಂಡು ಬಂದಿದ್ದ. ರಾಗ ಯಾವುದು, ಅದರ ಗುಣವೇನು ಅವನಿಗೆ ಗೊತ್ತಿರಲಿಲ್ಲ. ಕಿವಿಗೆ ಹಿತವಾಗಿತ್ತು, ಮಗಳಿಗೆ ಇಟ್ಟುಬಿಟ್ಟ. ಅವಳು ಚಾಮರಾಜನಗರದ ಕಾಲೇಜಿಗೆ ಬಿ.ಎ. ಸೇರಿದ ಮೊದಲ ವಾರವೇ ಸಂಗೀತ ಬಲ್ಲ ಮೇಷ್ಟ್ರೊಬ್ಬರು, "ಅದು ಶೋಕದ ರಾಗ ಕಣಮ್ಮ" ಎಂದರು.

"ನನಗೇನೂ ಶೋಕ ಇಲ್ಲ ಸಾರ್" ಎಂದಳು ಶಿವರಂಜಿನಿ. ಕ್ಲಾಸೆಲ್ಲ ನಕ್ಕಿತು. ಅವಳು ತಮಾಷೆ ಮಾಡಿರಲಿಲ್ಲ, ಇದ್ದದ್ದನ್ನು ಹೇಳಿದ್ದಳು.

ಮನೆ ತೆರಕಣಾಂಬಿಯಲ್ಲಿ. ಅಪ್ಪ ಚಾಮರಾಜನಗರದ ಹತ್ತಿರ ಬದನಗುಪ್ಪೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸಗಾರ. ಅವ್ವ ಚಿಕ್ಕನಿಂಗಮ್ಮ ಚೆಂಡುಹೂವಿನ ಹೊಲಗಳಲ್ಲಿ ಕೂಲಿ ಮಾಡುತ್ತಾಳೆ. ಬೆಳಿಗ್ಗೆ ಅಪ್ಪ ಮಗಳು ಒಂದೇ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೊರಡುತ್ತಾರೆ. ಮಗಳ ತಲೆಯ ಮೇಲೆ ಯಾವಾಗಲೂ ಒಂದು ದಪ್ಪ ಹೆಡ್‌ಫೋನು. ಏಕೆಂದರೆ ಬಸ್ಸಿನ ಹಾರ್ನು ಅವಳಿಗೆ ಬರೀ ಶಬ್ದವಲ್ಲ, ಕೆನ್ನೆಗೆ ಬಿದ್ದ ಏಟು. ಮಿಕ್ಸಿ, ಕುಕ್ಕರು, ಪಟಾಕಿ ಎಲ್ಲವೂ ಹಾಗೆಯೇ. ಚಿಕ್ಕಂದಿನಲ್ಲಿ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದಳು. ಊರಿನವರು "ಆ ಕೂಸು ಒಂಥರಾ" ಎಂದು ಹೇಳಿ ಸುಮ್ಮನಾಗಿದ್ದರು.

ಹೋದ ವರ್ಷ ಮೈಸೂರಿನ ಡಾಕ್ಟರಮ್ಮ ಒಬ್ಬರು ಅವಳ ಜೊತೆ ತುಂಬ ಹೊತ್ತು ಮಾತಾಡಿ, "ಇದಕ್ಕೆ ಆಟಿಸಂ ಅಂತಾರೆ" ಎಂದರು. ಚೆಲುವಯ್ಯನ ಮುಖ ಬಾಡಿಹೋಯಿತು. ಶಿವರಂಜಿನಿಗೆ ಮಾತ್ರ ಅವತ್ತು ಹಬ್ಬ. ಇಷ್ಟು ವರ್ಷದ 'ಒಂಥರಾ'ಗೆ ಒಂದು ಹೆಸರು ಸಿಕ್ಕಿತ್ತು. ಹೆಸರಿದೆ ಅಂದಮೇಲೆ ತನ್ನ ಹಾಗೆ ಬೇಕಾದಷ್ಟು ಜನ ಇದ್ದಾರೆ ಅಂತಲೇ ಅರ್ಥ! ವಾಪಸು ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಗುರುಮಲ್ಲಮ್ಮ ಅನ್ನುವ ಅಜ್ಜಿಗೆ ಅದನ್ನು ಹೇಳಿಯೂ ಬಿಟ್ಟಳು.

"ಅಯ್ಯೋ ಕೂಸೇ, ಯಾವಾಗ ವಾಸಿಯಾದದಂತೆ?"

"ವಾಸಿಯಾಗೋದಲ್ಲ ಅಜ್ಜಿ. ನಾನಿರೋದೇ ಹಿಂಗೆ."

"ಅಂಗಾದ್ರೆ ಸರಿ ಬುಡು" ಎಂದು ಅಜ್ಜಿ ಎಲೆಗೆ ಸುಣ್ಣ ಹಚ್ಚಿದಳು. ಆ ವಿಷಯದ ಬಗ್ಗೆ ಇಷ್ಟು ಚೆನ್ನಾಗಿ ಇದುವರೆಗೆ ಯಾರೂ ಮಾತಾಡಿಲ್ಲ ಅಂತ ಶಿವರಂಜಿನಿಗೆ ಅನ್ನಿಸಿತು.

ವಿಚಿತ್ರವೆಂದರೆ, ಇಷ್ಟು ನಾಜೂಕಿನ ಕಿವಿಗೆ ತಮಟೆಯ ಸದ್ದು ಬೇಕು. ಕೇರಿಯಲ್ಲಿ ತಮಟೆ ಎದ್ದರೆ ಉಳಿದ ಮಕ್ಕಳಿಗಿಂತ ಮುಂದೆ ಅವಳೇ ನಿಂತಿರುತ್ತಿದ್ದಳು. ಹಾರ್ನು ಹೇಳದೆ ಕೇಳದೆ ಮೇಲೆ ಬೀಳುತ್ತದೆ. ತಮಟೆ ಹಾಗಲ್ಲ, ಹೇಳಿ ಬರುತ್ತದೆ. ಮುಂದಿನ ಪೆಟ್ಟು ಎಲ್ಲಿ ಬೀಳುತ್ತದೆ ಅಂತ ಅವಳ ಮೈಗೆ ಮೊದಲೇ ತಿಳಿದಿರುತ್ತಿತ್ತು. ಗೊತ್ತಿದ್ದ ಜಾಗದಲ್ಲೇ ಅದು ಬಿದ್ದಾಗ ಎದೆಯೊಳಗೆ ಯಾರೋ ದೀಪ ಹಚ್ಚಿದ ಹಾಗೆ.

ಇನ್ನೊಂದು ಹುಚ್ಚು ಊರು ಸುತ್ತುವುದು. ಸುತ್ತಿದ್ದು ಕಡಿಮೆ, ಕನಸು ಕಂಡದ್ದೇ ಜಾಸ್ತಿ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿಗೆ ಹೋದಾಗಲೆಲ್ಲ ಕೇರಳದ ಬಸ್ಸುಗಳ ಮುಂದೆ ನಿಂತುಬಿಡುವಳು. ಆ ಬೋರ್ಡುಗಳನ್ನು ನೋಡಿ ನೋಡಿ, ಮೊಬೈಲಿನಲ್ಲಿ ತಾಳೆ ಹಾಕಿ, ಮಲಯಾಳದ ಅಕ್ಷರ ಕಲಿತಿದ್ದಳು. ಹೆಡ್‌ಫೋನಿನಲ್ಲಿ ಅವಳು ಹೆಚ್ಚಾಗಿ ಕೇಳುತ್ತಿದ್ದದ್ದು ಹಾಡಲ್ಲ, ಕಡಲು. ಅಲೆಗಳಿಗೆ ತಾಳ ಹುಡುಕುತ್ತಿದ್ದಳು, ಸಿಗುತ್ತಿರಲಿಲ್ಲ. ತಾಳವೇ ಇಲ್ಲದ ಸದ್ದು ತನ್ನನ್ನು ಯಾಕೆ ಹೆದರಿಸುವುದಿಲ್ಲ ಅನ್ನುವುದು ಅವಳಿಗೆ ಬಿಡಿಸಲಾಗದ ಪ್ರಶ್ನೆ. ಕಲ್ಲಿಕೋಟೆಗೆ ಹೋಗಿ ಆ ಕಡಲ ಮುಂದೆಯೇ ಕೂತು ವಿಚಾರಿಸಬೇಕು ಅಂದುಕೊಂಡಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಖಾಲಿ ಕ್ಲಾಸಿನಲ್ಲಿ ಶಿವರಂಜಿನಿ ಒಬ್ಬಳೇ ಕೂತು ಬೆಂಚು ಬಾರಿಸುತ್ತಿದ್ದುದನ್ನು ಸಹಪಾಠಿ ಚೈತ್ರ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಗುಂಡ್ಲುಪೇಟೆಯಲ್ಲಿ ಕಾಲೇಜುಗಳ ಜಾನಪದ ಮೇಳ ಇತ್ತು. ಚೈತ್ರ ಹುಡುಗಿಯರದೇ ಒಂದು ತಮಟೆ ತಂಡ ಕಟ್ಟುತ್ತಿದ್ದಳು. "ನೀನು ಬಂದ್ರೆ ನಮಗೆ ತಾಳ ತಪ್ಪಲ್ಲ, ಬಾರೆ" ಎಂದಳು.

ಶಿವರಂಜಿನಿ ಮನೆಯಲ್ಲಿ ಇದನ್ನು ಹೇಳಿದಾಗ ಚೆಲುವಯ್ಯ ತಟ್ಟೆಯಿಂದ ಕೈ ಎತ್ತಿದ.

"ನಮ್ಮಪ್ಪ ಸಾವಿನ ಮನೆ ಮುಂದೆ ಬಡ್ದು ಬಡ್ದು ಸವೆದೋದ. ಬಾ ಅಂದಾಗ ಓಗ್ಬೇಕು, ದೂರ ನಿಂತ್ಕೊ ಅಂದ್ರೆ ನಿಂತ್ಕಬೇಕು. ಅದಕೇ ನಾನು ಅದನ್ನ ಮುಟ್ನಿಲ್ಲ. ನೀನು ಬಿ.ಎ. ಓದ್ಕಂಡು ಅದನ್ನೇ ಇಡ್ಕಂಡಿಯಾ?"

ಅವಳು ಆ ಮಾತನ್ನು ಬಿಡಿಬಿಡಿಯಾಗಿ ಯೋಚಿಸಿದಳು. ಅವಳ ಅಭ್ಯಾಸವೇ ಹಾಗೆ.

"ನನ್ನ ಯಾರೂ ಬಾ ಅಂತ ಅಪ್ಪಣೆ ಮಾಡಿಲ್ಲಪ್ಪ, ನಂಗೇ ಓಗ್ಬೇಕು ಅನ್ಸದೆ. ದೂರ ನಿಂತ್ಕೊಳಕ್ಕೂ ಆಗಕ್ಕಿಲ್ಲ. ಸ್ಟೇಜ್ ಮಧ್ಯದಲ್ಲೇ ನಿಲ್ಬೇಕಂತೆ."

ಚಿಕ್ಕನಿಂಗಮ್ಮ ಸೆರಗಿನ ಮರೆಯಲ್ಲಿ ನಕ್ಕಳು. ಚೆಲುವಯ್ಯ ಕೈ ತೊಳೆದು ಎದ್ದುಹೋದ. ಮಾರನೆಯ ದಿನ ಅಟ್ಟದಿಂದ ಅಜ್ಜನ ತಮಟೆ ಇಳಿಸಿ ಹೊಸ ಚರ್ಮ ಕಟ್ಟಿಸಿಕೊಟ್ಟಿದ್ದು ಅವ್ವನೇ.

ಮೇಳದ ದಿನ ಬೆಳಗಿನಿಂದ ಜಿನುಗು ಮಳೆ. ಓಣಂ ಹತ್ತಿರವಿದ್ದುದರಿಂದ ಗುಂಡ್ಲುಪೇಟೆಯ ದಾರಿಯುದ್ದಕ್ಕೂ ಹೂವಿನ ಹೊಲಗಳಲ್ಲಿ ಕೇರಳದವರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮೈದಾನದಲ್ಲಿ ಶಾಮಿಯಾನ, ಆಳೆತ್ತರದ ಸ್ಪೀಕರುಗಳು. ಚೈತ್ರಳ ತಂಡ ಸ್ಟೇಜು ಹತ್ತಿತು. ಶಿವರಂಜಿನಿ ಹೆಡ್‌ಫೋನು ತೆಗೆದು ಪಕ್ಕಕ್ಕಿಟ್ಟು ಕಡ್ಡಿ ಹಿಡಿದಳು. ಅಷ್ಟರಲ್ಲಿ ಯಾರೋ ಮೈಕನ್ನು ಸ್ಪೀಕರಿನ ಕಡೆ ತಿರುಗಿಸಿದರು. ಕೀಂ ಎಂದು ಒಂದು ಕೂಗು ಎದ್ದು ಅವಳ ತಲೆಯನ್ನು ಈ ಕಿವಿಯಿಂದ ಆ ಕಿವಿಗೆ ಸೀಳಿತು.

ಆಮೇಲೆ ಏನಾಯಿತೋ ಅವಳಿಗೆ ತಿಳಿಯಲಿಲ್ಲ. ಮೈದಾನದ ಹಿಂದಿನ ಹುಣಸೆಮರದ ಬುಡದಲ್ಲಿ, ಮೊಣಕಾಲಿಗೆ ತಲೆ ಕೊಟ್ಟು, ಹಿಂದಕ್ಕೂ ಮುಂದಕ್ಕೂ ತೂಗುತ್ತ ಕೂತಿದ್ದಳು. ಚೈತ್ರ ಓಡಿಬಂದಳು. ಆದರೆ ಮುಟ್ಟಲಿಲ್ಲ, 'ಏನಾಯ್ತು' ಅಂತ ಕೇಳಲೂ ಇಲ್ಲ. ಅಭ್ಯಾಸದ ದಿನಗಳಲ್ಲೇ ಶಿವರಂಜಿನಿ ಅವಳಿಗೆ ಹೇಳಿದ್ದಳು, "ನನಗೆ ಹಂಗಾದಾಗ ಸುಮ್ನೆ ದೂರ ಕೂತ್ಕೊ, ಹೋಗ್ಬೇಡ" ಎಂದು. ಚೈತ್ರ ಹಾಗೆಯೇ ದೂರದಲ್ಲಿ ಕೂತಳು.

ಮರದ ಇನ್ನೊಂದು ಮಗ್ಗುಲಿನಿಂದ ಟಕ್ ಟಕ್ ಎಂದು ಒಂದು ಸದ್ದು ಬರುತ್ತಿತ್ತು. ಒಣ ಸದ್ದು, ಒಂದೇ ನಡೆ. ಎಷ್ಟೋ ಹೊತ್ತಿನ ಮೇಲೆ ಶಿವರಂಜಿನಿಯ ಉಸಿರು ಆ ನಡೆಗೆ ಹೊಂದಿಕೊಂಡಿತು. ತಲೆ ಎತ್ತಿ ಆ ಕಡೆ ಇಣುಕಿದಳು. ಅವಳ ವಯಸ್ಸಿನದೇ ಒಬ್ಬ ಹುಡುಗಿ ಒಂದು ಕಲ್ಲಿನ ಮೇಲೆ ಮರದ ಕೋಲಿನಿಂದ ಚೆಂಡೆಯ ಅಭ್ಯಾಸ ಮಾಡುತ್ತಿದ್ದಳು. ಶಿವರಂಜಿನಿ ತನ್ನ ಮೊಣಕಾಲಿನ ಮೇಲೆ ಬೆರಳಿನಿಂದ ಅದೇ ನಡೆಯನ್ನು ಹಿಡಿದಳು. ಆ ಹುಡುಗಿ ನೋಡಿದಳು, ನಡೆ ಬದಲಾಯಿಸಿದಳು. ಇವಳೂ ಬದಲಾಯಿಸಿದಳು. ಇವಳು ನಡುವೆ ಒಂದು ಪೆಟ್ಟು ಜಾಸ್ತಿ ಹಾಕಿದಾಗ ಅವಳು ನಗುತ್ತ ಹಿಂದೆಯೇ ಬಂದಳು.

ಶಿವರಂಜಿನಿ ಅವಳ ಟೀ ಶರ್ಟಿನ ಮೇಲಿದ್ದ ಮಲಯಾಳದ ಅಕ್ಷರಗಳನ್ನು ಕೂಡಿಸಿ ಓದಿದಳು. "ಬತ್ತೇರಿ."

"ಅಯ್ಯೋ, ಓದಕ್ಕೆ ಬರ್ತದಾ?" ಎಂದಳು ಆ ಹುಡುಗಿ. ಹೆಸರು ಅಂಬಿಳಿ. ವಯನಾಡಿನ ಬತ್ತೇರಿಯಿಂದ ಚೆಂಡೆ ತಂಡದ ಜೊತೆ ಅತಿಥಿಯಾಗಿ ಬಂದಿದ್ದಳು. ಗುಂಡ್ಲುಪೇಟೆಗೆ ತರಕಾರಿ ಕೊಳ್ಳಲು ಬರುವ ಅಪ್ಪನ ಜೊತೆ ಬಂದು ಬಂದು ಅವಳಿಗೆ ಒಡಕು ಕನ್ನಡ ಬರುತ್ತಿತ್ತು. "ಸ್ಟೇಜಲ್ಲಿ ಯಾಕೆ ಓಡಿದ್ದು?"

"ನನಗೆ ಆಟಿಸಂ ಇದೆ. ಮೈಕ್ ಕಿರುಚ್ತು."

"ತಮಟೆಗೆ ಮೈಕ್ ಯಾಕೆ?" ಎಂದಳು ಅಂಬಿಳಿ.

ಶಿವರಂಜಿನಿ ಚೈತ್ರಳ ಮುಖ ನೋಡಿದಳು. ಅವಳು ಇವಳ ಮುಖ ನೋಡಿದಳು. ಹೌದಲ್ಲ!

ಚೈತ್ರ ಹೋಗಿ ಮೇಳದವರ ಹತ್ತಿರ ಮಾತಾಡಿದಳು. ಸ್ಟೇಜಿನ ಮೇಲಲ್ಲ, ಕೆಳಗೆ ಮೈದಾನದಲ್ಲೇ ಬಾರಿಸುತ್ತೇವೆ, ಅಷ್ಟು ಹೊತ್ತು ಸ್ಪೀಕರು ಆರಿಸಿ ಎಂದಳು. ಅವರು ಒಪ್ಪಿಕೊಂಡರು. ಆದರೆ ಇಷ್ಟರಲ್ಲಿ ತೇವಕ್ಕೆ ತಮಟೆಗಳೆಲ್ಲ ಸಡಿಲವಾಗಿ, ಬಾರಿಸಿದರೆ ನೆಂದ ಗೋಣಿಚೀಲದ ಸದ್ದು. ಕಾಯಿಸಬೇಕು ಅಂತ ಎಲ್ಲರಿಗೂ ಗೊತ್ತು. ಬೆಂಕಿಯ ಬಗ್ಗೆ ಮಾತ್ರ ಯಾರೂ ಯೋಚಿಸಿರಲಿಲ್ಲ.

"ಇತ್ಲಾಗ್ ಕೊಡಮ್ಮಿ" ಎಂಬ ದನಿ ಕೇಳಿತು.

ಚೆಲುವಯ್ಯ! ಫ್ಯಾಕ್ಟರಿಯ ನೀಲಿ ಅಂಗಿಯಲ್ಲೇ ಇದ್ದ. ಕಂಕುಳಲ್ಲಿ ಒಂದು ಹೊರೆ ಒಣಹುಲ್ಲು. ಅರ್ಧ ದಿನ ರಜ ಹಾಕಿ ಯಾವಾಗ ಬಂದನೋ, ಎಲ್ಲಿ ನಿಂತು ನೋಡುತ್ತಿದ್ದನೋ. ಶಾಮಿಯಾನದ ಮರೆಯಲ್ಲಿ ಬೆಂಕಿ ಹಾಕಿ, ಒಂದೊಂದೇ ತಮಟೆಯನ್ನು ಉರಿಗೆ ಹಿಡಿದು ತಿರುಗಿಸಿ, ಬೆರಳಿನಿಂದ ತಟ್ಟಿ ನೋಡಿ ಕೊಟ್ಟ. ಕೊನೆಯದು ತನ್ನ ಅಪ್ಪನದು. ಅದನ್ನು ಕೊಡುವ ಮುಂಚೆ ಎದೆಗೆ ಒತ್ತಿಕೊಂಡು ತಾನೇ ಒಂದು ಸುತ್ತು ಬಾರಿಸಿದ. ಮುಟ್ಟಿಲ್ಲ ಅಂದವನ ಕೈ ಒಂದು ಕಡೆಯೂ ತಡವರಿಸಲಿಲ್ಲ.

"ನಿಂಗೆ ಬತ್ತದಾ ಅಪ್ಪ?"

"ಕೇಳ್ಕಂಡು ಬೆಳೆದೋನಲ್ವಾ. ಓಗು, ಮಧ್ಯದಲ್ಲಿ ನಿಂತ್ಕೊ."

ಶಿವರಂಜಿನಿ ಮಧ್ಯದಲ್ಲಿ ನಿಂತಳು. ಮೊದಲ ಪೆಟ್ಟು ಬಿದ್ದಾಗ ಮೈದಾನದ ಕೊನೆಯಲ್ಲಿ ಕಡಲೆಕಾಯಿ ತಿನ್ನುತ್ತಿದ್ದವರೂ ತಿರುಗಿದರು. ಜನ ಕುರ್ಚಿ ಬಿಟ್ಟು ಎದ್ದುಬಂದು ಸುತ್ತ ನಿಂತರು. ನಡೆ ಏರುತ್ತ ಹೋದಂತೆ ಅವಳಿಗೆ ಜನ ಕಾಣಲಿಲ್ಲ, ಮಳೆ ಕಾಣಲಿಲ್ಲ. ಪೆಟ್ಟು ಎಲ್ಲಿ ಬೀಳಬೇಕೋ ಅಲ್ಲಿ ಬೀಳುತ್ತಿತ್ತು, ಅಷ್ಟೇ ಗೊತ್ತಿತ್ತು. ಕೊನೆಯ ಸುತ್ತಿಗೆ ಅಂಬಿಳಿ ಚೆಂಡೆ ಹೆಗಲಿಗೇರಿಸಿಕೊಂಡು ನುಗ್ಗಿಯೇಬಿಟ್ಟಳು. ತಮಟೆ ಒಂದು ಮಾತಾಡಿದರೆ ಚೆಂಡೆ ಇನ್ನೊಂದು ಆಡಿತು. ಬಹುಮಾನ ಬೇರೆ ಯಾವುದೋ ಕಾಲೇಜಿಗೆ ಹೋಯಿತಂತೆ. ಅದನ್ನು ಘೋಷಿಸುವಾಗ ಇವರಿಬ್ಬರೂ ಹುಣಸೆಮರದ ಕೆಳಗೆ ಚೆಂಡೆಯ ಕೋಲು ಹಿಡಿಯುವುದನ್ನು ಕಲಿಯುತ್ತ, ಕಲಿಸುತ್ತ ಕೂತಿದ್ದರು.

ಮಾರನೆಯ ದಿನ ಅಂಬಿಳಿಯ ತಂಡಕ್ಕೆ ಗೋಪಾಲಸ್ವಾಮಿ ಬೆಟ್ಟ ನೋಡುವ ಆಸೆ. ತೋರಿಸುವುದು ಯಾರು? "ನಾನು" ಎಂದಳು ಶಿವರಂಜಿನಿ. ಬೆಟ್ಟದ ಬುಡದಿಂದ ಸರ್ಕಾರಿ ಬಸ್ಸು ಹತ್ತಿದ ಮೇಲೆ ಅವಳ ಮಾತು ನಿಲ್ಲಲೇ ಇಲ್ಲ. ಆನೆ ಯಾವ ಇಳಿಜಾರಿಗೆ ಬರುತ್ತದೆ, ಗುಡಿಯ ಒಳಗೆ ಯಾಕೆ ಅಷ್ಟು ತಂಪು, ಕಾಡಿನ ದಾರಿಯಲ್ಲಿ ಹಾರ್ನು ಹೊಡೆಯುವಂತಿಲ್ಲ ಅನ್ನುವುದು ಎಂಥ ಒಳ್ಳೆಯ ಕಾನೂನು... ಸಾಮಾನ್ಯವಾಗಿ ಅವಳು ಹೀಗೆ ಶುರುಮಾಡಿದರೆ ಜನ ಮೊಬೈಲು ನೋಡತೊಡಗುತ್ತಾರೆ. ಇವರು ಪ್ರಶ್ನೆ ಕೇಳಿದರು. ಅವಳಿಗೆ ತಾನು ಒಂದು ದೊಡ್ಡ ಪ್ರಯಾಣದಲ್ಲಿರುವಂತೆ ಅನ್ನಿಸಿತು. ಮನೆಯಿಂದ ಇಷ್ಟು ಹತ್ತಿರದಲ್ಲೇ ಇದ್ದರೂ.

ಮೇಲೆ ಹೋದರೆ ಮಂಜು. ಗುಡಿಯ ಗೋಪುರವೇ ಅರ್ಧ ಕಾಣುತ್ತಿಲ್ಲ.

"ಆನೆ ಎಲ್ಲಿ?" ಎಂದಳು ಅಂಬಿಳಿ.

"ಅಲ್ಲೇ ಇರುತ್ತೆ. ನಮಗೆ ಕಾಣ್ತಿಲ್ಲ ಅಷ್ಟೇ" ಎಂದಳು ಶಿವರಂಜಿನಿ ಗಂಭೀರವಾಗಿ. ಎಲ್ಲರೂ ನಕ್ಕರು. ಈ ಸಲ ಅವಳಿಗೂ ನಗು ಬಂತು.

ಮಂಟಪದ ಮೆಟ್ಟಿಲ ಮೇಲೆ ಕೂತು ಅಂಬಿಳಿ ಕರೆದಳು. "ಓಣಂಗೆ ನಮ್ಮನೆಗೆ ಬಾ. ಎರಡು ದಿನ ಬತ್ತೇರಿ, ಆಮೇಲೆ ಕಲ್ಲಿಕೋಟೆಗೆ ನಾನೇ ಕರ್ಕೊಂಡು ಹೋಗ್ತೀನಿ. ಚೈತ್ರನೂ ಬರಲಿ."

ಶಿವರಂಜಿನಿ ಅಲ್ಲಿಂದಲೇ ಅವ್ವನಿಗೆ ಫೋನು ಹಚ್ಚಿದಳು. ಅತ್ತ ಚಿಕ್ಕನಿಂಗಮ್ಮ ಹೂವಿನ ಹೊಲದಲ್ಲಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಳು. ಹಾರ್ನಿನ ಚಿಂತೆ, ಜನಜಂಗುಳಿಯ ಚಿಂತೆ ಯಾವುದನ್ನೂ ಎತ್ತಲಿಲ್ಲ. ಹೊಸ ಊಟವೆಂದರೆ ಮುಟ್ಟದ ಮಗಳ ನಾಲಿಗೆಯ ಗುಣ ಬಲ್ಲವಳು ಒಂದೇ ಮಾತು ಕೇಳಿದಳು.

"ಅಲ್ಲಿ ಕುಚ್ಚಲಕ್ಕಿ ಅನ್ನ ಕಣಮ್ಮಿ. ತಿಂದಿಯಾ?"

ಶಿವರಂಜಿನಿ ಪ್ರಾಮಾಣಿಕವಾಗಿ ಯೋಚಿಸಿದಳು. "ತಿನ್ನಕ್ಕಿಲ್ಲ ಅನ್ಸದೆ ಕಣವ್ವ. ಆದ್ರೂ ಓಯ್ತೀನಿ."

ಫೋನಿನ ಆ ತುದಿಯಲ್ಲಿ ಅವ್ವ ಗಟ್ಟಿಯಾಗಿ ನಕ್ಕದ್ದು, ಪಕ್ಕದ ಸಾಲಿನಲ್ಲಿ ಹೂ ಬಿಡಿಸುತ್ತಿದ್ದವರಿಗೆ "ನಮ್ಮ ಕೂಸು ಕೇರಳಕ್ಕೆ ಒಂಟದೆ" ಎಂದು ಕೂಗಿ ಹೇಳಿದ್ದು, ಬೆಟ್ಟದ ಮೇಲೆ ಎಲ್ಲರಿಗೂ ಕೇಳಿಸಿತು.