ಆರ್ವೆಲ್ ಟ್ಯಾಲಿಯ ಕೊನೆಯ ಟೆಂಡರು

“ಎರಡೇ ಎರಡು ಮಾತು,” ಎಂದು ಮೈಕು ಹಿಡಿದ ಕ್ಲೀಟಸ್ ಹದಿನೆಂಟು ನಿಮಿಷವಾದರೂ ಅದನ್ನು ಬಿಟ್ಟಿರಲಿಲ್ಲ. ಅಲಬಾಮಾದ ನಮ್ಮ ಚರ್ಚಿನಲ್ಲಿ, ಸತ್ತವರ ಬಗ್ಗೆ ಮಾತಾಡುವವರಿಗೆ ತಲಾ ಎರಡು ನಿಮಿಷ ಎಂದು ಹಾಳೆಯಲ್ಲಿ ಅಚ್ಚು ಹಾಕಿಸುತ್ತೇವೆ. ಅದನ್ನು ಪಾಲಿಸಿದ ಪುಣ್ಯಾತ್ಮರನ್ನು ಇದುವರೆಗೆ ಯಾರೂ ಕಂಡಿಲ್ಲ.

ಪೆಟ್ಟಿಗೆಯಲ್ಲಿ ಆರ್ವೆಲ್ ಟ್ಯಾಲಿ ನೀಲಿ ಸೂಟು ತೊಟ್ಟು ಮಲಗಿದ್ದ. ಎಪ್ಪತ್ತೊಂಬತ್ತು ವರ್ಷ ಬಾಳಿ, ಊರಿನ ಅರ್ಧ ಫುಟ್‌ಪಾತಿಗೆ ಕಾಂಕ್ರೀಟು ಹಾಕಿದವನು, ಮೊನ್ನೆ ರಾತ್ರಿ ಉಂಡು ಮಲಗಿ ಹಾಗೇ ಹೋಗಿಬಿಟ್ಟಿದ್ದ. ಅಂಥ ಸಾವು ಬರಲು ಪುಣ್ಯ ಮಾಡಿರಬೇಕು.

ನೆಮ್ಮದಿ ಇಲ್ಲದಿದ್ದುದು ಮೊದಲ ಸಾಲಿನಲ್ಲಿ ಕೂತ ಮಗಳು ರೋವೀನಾಗೆ. ಶಾಲೆಯ ಸುತ್ತಲಿನ ಫುಟ್‌ಪಾತಿನ ಟೆಂಡರು ಅವಳ ಚೀಲದಲ್ಲಿತ್ತು. ಅಪ್ಪ ಆಸೆಪಟ್ಟು ತಯಾರಿಸಿದ್ದು. ಅದರ ಜೊತೆ ಇಡಲೇಬೇಕಾದ ಬ್ಯಾಂಕಿನ ಜಾಮೀನು ಪತ್ರ ಬೆಳಿಗ್ಗೆಯಷ್ಟೇ ಕೈಸೇರಿತ್ತು. ಮಾಲೀಕರೇ, ಅಂದರೆ ಈಗ ಅವಳೇ, ನಗರಸಭೆಗೆ ಹೋಗಿ ಕೊಡಬೇಕು, ಅದೂ ಇವತ್ತು ಎರಡು ಗಂಟೆಯೊಳಗೆ.

“ಅತ್ತೆ, ಒಂದೂವರೆ ಆಯ್ತು. ಎದ್ದು ಹೋಗ್ಲಾ?” ಎಂದು ಪಕ್ಕದಲ್ಲಿದ್ದ ಡೆಲೋರಿಸ್‌ಳನ್ನು ಕೇಳಿದಳು. ಡೆಲೋರಿಸ್ ಆರ್ವೆಲ್‌ನ ಅಕ್ಕ.

“ಹೆತ್ತಪ್ಪನ ಹೆಣ ಬಿಟ್ಟು ಹೋದ್ಲು ಅಂತ ಊರೆಲ್ಲ ಆಡ್ಕೊಳ್ಳುತ್ತೆ ಕಣೇ. ಕೂತ್ಕೋ.”

*

ಮೂವತ್ತೆಂಟು ವರ್ಷದ ಹಿಂದೆ ಆರ್ವೆಲ್ ತನ್ನ ಮೊದಲ ಟೆಂಡರು ಕೊಡಲು ಒಬ್ಬನೇ ಹೋಗಿದ್ದ. ನಗರಸಭೆಯವರು ಲಕೋಟೆ ತೆಗೆದುಕೊಂಡು ಒಳಗೆ ಹೋದರು. ವಾರ ಬಿಟ್ಟು, “ನಿಮ್ಮದು ಬಂದೇ ಇಲ್ವಲ್ಲ,” ಎಂದರು. ಎರಡನೆಯ ಸಲವೂ ಅದೇ ರಾಗ. ಕಪ್ಪು ಜನರ ಲಕೋಟೆಗಳಿಗೆ ಆ ಕಚೇರಿಯಲ್ಲಿ ಕಾಲು ಬರುತ್ತಿತ್ತು.

ಮುಂದಿನ ಭಾನುವಾರ ಅವನು ಚರ್ಚಿನಲ್ಲಿ ಎದ್ದು ನಿಂತ. “ನಂಗೆ ಶಿಫಾರಸು ಬೇಡ. ನನ್ನ ಹೆಸರನ್ನ ಎಲ್ಲರ ಎದುರಿಗೆ ಓದ್ಲಿ, ಸಾಕು. ಬುಧವಾರ ಟೆಂಡರು ತೆಗೆಯೋವಾಗ ಯಾರಾದ್ರೂ ಜೊತೆಗೆ ಬರ್ತೀರಾ?”

ಒಂಬತ್ತು ಹೆಂಗಸರು ಹ್ಯಾಟು ಹಾಕಿಕೊಂಡು ನಗರಸಭೆಗೆ ಹೋಗಿ ಕೂತರು. ಯಾಕೆ ಬಂದಿರಿ ಎಂದ ಗುಮಾಸ್ತನಿಗೆ ಡೆಲೋರಿಸ್, “ತೆರಿಗೆ ಕಟ್ಟೋರು ಕಣಪ್ಪಾ. ನಮ್ಮನೆ ಮುಂದಿನ ಕೆಲಸ ಯಾರು ಎಷ್ಟಕ್ಕೆ ಮಾಡ್ತಾರೆ ಅಂತ ಕೇಳೋಕೆ ಬಂದ್ವಿ,” ಎಂದಳು. ಎರಡು ವರ್ಷ ಬುಧವಾರ ತಪ್ಪದೆ ಕೂತರು. ಕೊನೆಗೆ ಎಲ್ಲ ಲಕೋಟೆಗಳನ್ನೂ ಜನರೆದುರು ತೆರೆದು ಓದುವ ನಿಯಮ ಬಂತು.

ಹಾಗೆ ಓದಿದ ಮೊದಲ ದಿನ ಆರ್ವೆಲ್ ಸೋತ. ಮನೆಗೆ ಬಂದವನು ಹೆಂಡತಿಯನ್ನು ಎತ್ತಿ ಕುಣಿದ. “ನನ್ನ ರೇಟು ಜಾಸ್ತಿ ಅಂತ ಸೋತೆ ಕಣೇ! ಬಣ್ಣಕ್ಕಲ್ಲ, ರೇಟಿಗೆ!”

*

ಒಂದು ನಲವತ್ತಕ್ಕೆ ಡೆಲೋರಿಸ್‌ಗೇ ತಡೆಯಲಾಗಲಿಲ್ಲ. ಎದ್ದು ನಿಂತಳು.

“ಕ್ಲೀಟಸ್, ಕೂತ್ಕೊಳ್ಳಪ್ಪ ಸಾಕು. ನೀನು ಹೀಗೇ ಕೊರೀತಿದ್ರೆ ಆರ್ವೆಲ್ಲೇ ಎದ್ದು ಬಂದು ಮೈಕ್ ಕಿತ್ಕೋತಾನೆ.”

ಚರ್ಚಿಗೆ ಚರ್ಚೇ ನಕ್ಕಿತು. ಪಾದ್ರಿ ಚುಟುಕಾಗಿ ಪ್ರಾರ್ಥಿಸಿ ಮುಗಿಸಿದ. ಹೊರಗೆ ಶವದ ಗಾಡಿಯ ಬಳಿ ರೋವೀನಾ ಅಳುತ್ತ ನಿಂತಿದ್ದಳು. ಗಾಡಿಯ ಮಾಲೀಕ ಮಿಂಗೊ ಹಾರ್ಡಿ, ಏನಾಯಿತೆಂದು ಕೇಳಿದ.

“ಇನ್ನು ಹದಿನೈದೇ ನಿಮಿಷ ಮಿಂಗೊ ಮಾಮ. ದಾರೀಲಿ ಹದಿನಾಲ್ಕು ಸಿಗ್ನಲ್ಲು. ಮುಗೀತು.”

“ನನ್ನ ಗಾಡಿಗೆ ಎಂಥ ಸಿಗ್ನಲ್ಲು? ಮುಂದೆ ಪೊಲೀಸಿನೋರೇ ಇದ್ದಾರೆ. ಹೆಣದ ಗಾಡೀನ ಯಾವನು ತಡೀತಾನೆ? ಹತ್ತು.”

“ಸ್ಮಶಾನ ಆ ಕಡೆ ಅಲ್ವಾ?”

“ಅಲ್ಲಿ ಎರಡು ಗಂಟೆಗೆ ಬಾಗಿಲು ಹಾಕಲ್ವಲ್ಲಮ್ಮ.”

ಶವಯಾತ್ರೆಯ ರೂಢಿಯಂತೆ ದೀಪ ಹಚ್ಚಿಕೊಂಡ ಮೂವತ್ತು ಕಾರುಗಳು ಪೇಟೆಯ ಕಡೆ ತಿರುಗಿದವು. ಕೆಂಪು ದೀಪಗಳನ್ನೆಲ್ಲ ದಾಟಿದರು. ಪೇಟೆಯ ಜನ ಪಕ್ಕಕ್ಕೆ ಸರಿದು ಟೋಪಿ ತೆಗೆದರು.

ಎರಡಕ್ಕೆ ನಾಲ್ಕು ನಿಮಿಷವಿರುವಾಗ ರೋವೀನಾ ಲಕೋಟೆಯನ್ನು ನಗರಸಭೆಯ ಮೇಜಿನ ಮೇಲಿಟ್ಟಳು. ಹಿಂತಿರುಗಿ ನೋಡಿದರೆ ಕಾರುಗಳಲ್ಲಿ ಬಂದವರೆಲ್ಲ ಹಿಂದೆಯೇ ಒಳಗೆ ಬಂದಿದ್ದರು. ಕುರ್ಚಿಗಳು ತುಂಬಿ, ಮಿಕ್ಕವರು ಗೋಡೆಗುಂಟ ನಿಂತಿದ್ದರು. ಆರ್ವೆಲ್ ಒಬ್ಬನೇ ಕೆಳಗೆ, ನೋ ಪಾರ್ಕಿಂಗ್ ಜಾಗದಲ್ಲಿ.

ಎಳೆಯ ಗುಮಾಸ್ತ ಆ ಕಪ್ಪು ಬಟ್ಟೆಗಳನ್ನು ನೋಡಿ, ಎರಡು ಹೊಡೆದ ಮೇಲೆ ಲಕೋಟೆಗಳನ್ನು ಕೈಗೆತ್ತಿಕೊಂಡ. ಎರಡು ಲಕೋಟೆ ತೆರೆದು ಓದಿದ. ಮೂರನೆಯದನ್ನು ತೆರೆದು ಏನೋ ಗೊಣಗಿದ.

“ಕೇಳಿಸ್ಲಿಲ್ಲ ಮಗಾ,” ಎಂದಳು ಡೆಲೋರಿಸ್.

ಅವನು ಎದ್ದು ನಿಂತು ಗಟ್ಟಿಯಾಗಿ ಓದಿದ. “ಟ್ಯಾಲಿ ಮತ್ತು ಮಗಳು.”

ಕಂಪನಿಗೆ ಆರ್ವೆಲ್ ಇಟ್ಟಿದ್ದ ಆ ಹೊಸ ಹೆಸರನ್ನು ನಮ್ಮವರು ಕೇಳಿದ್ದು ಅದೇ ಮೊದಲು. ಡೆಲೋರಿಸ್ ತಮ್ಮನ ಮಗಳ ಕೈ ಹಿಡಿದುಕೊಂಡಳು.

“ಆಮೆನ್,” ಎಂದಿತು ಇಡೀ ಕೋಣೆ. ದರ ಓದಬೇಕಿದ್ದ ಗುಮಾಸ್ತ, ಏನು ಮಾಡಬೇಕೋ ತಿಳಿಯದೆ, ತಾನೂ ತಲೆ ಬಾಗಿಸಿ ನಿಂತ.