ಎರಡು ಸಲ ಸತ್ತ ಅಪ್ಪ

"ಎದ್ದೇಳೇ ಮೇಲೆ! ತಿಕ ಊರ್ಕಂಡು ಕುಂತ್ಕಳೋಕೆ ಕರ್ಸಿದ್ನೇನೇ ನಿನ್ನ?"

ಶೆಡ್ಡಿನ ಮೇಸ್ತ್ರಿ ಡ್ಯಾರನ್ ಕೂಗಿದ ಕೂಗಿಗೆ ಓಡುವ ಬೆಲ್ಟಿನ ಎರಡೂ ಕಡೆ ನಿಂತು ಟೊಮೆಟೊ ಆರಿಸುತ್ತಿದ್ದವರೆಲ್ಲ ತಲೆ ಎತ್ತಿದರು. ಬೈಸಿಕೊಳ್ಳುತ್ತಿದ್ದ ಲೆಸಿಯೇಲಿ ಮಾತ್ರ ಎತ್ತಲಿಲ್ಲ. ಸಿಮೆಂಟು ನೆಲದ ಮೇಲೆ ಕಾಲು ಮಡಚಿ ಕೂತು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಇನ್ನೂ ಬಯ್ಯುವುದಿದ್ದರೆ ಬಯ್ಯಲಿ ಎಂದು ಕಾದಳು. ಕೆಲಸಕ್ಕೆ ಸೇರಿ ವಾರ ತುಂಬಿರಲಿಲ್ಲ. ಹಸಿರುಗಾಯಿ ಹಣ್ಣಿನ ಪೆಟ್ಟಿಗೆಗೆ ಬಿದ್ದಿತ್ತು, ತಪ್ಪು ಅವಳದೇ. ದೊಡ್ಡವರು ನಿಂತು ಬಯ್ಯುವಾಗ ಚಿಕ್ಕವರು ಕೂರಬೇಕು. ಅವರ ತಲೆಗಿಂತ ನಮ್ಮ ತಲೆ ಕೆಳಗಿರಬೇಕು. ಟೋಂಗಾದ ಎವೂವಾ ದ್ವೀಪದಲ್ಲಿ ಅವಳಿಗೆ ನಡೆಯುವುದಕ್ಕೆ ಮುಂಚೆಯೇ ಕಲಿಸಿದ್ದ ಪಾಠ ಅದು. ಇದು ಜೀವಮಾನದ ಮೊದಲ ಕೆಲಸ, ಇವನು ಮೊದಲ ಧಣಿ. ತನ್ನಲ್ಲಿದ್ದ ಮರ್ಯಾದೆಯನ್ನೆಲ್ಲ ತಂದು ಅವನ ಕಾಲಬುಡದಲ್ಲಿ ಇಟ್ಟಿದ್ದಳು, ಪಾಪ.

"ನಾನ್ ಮಾತಾಡ್ತಿದ್ರೆ ಕುಂತ್ಕಂಡು ಮುಷ್ಕರ ಮಾಡ್ತೀಯಾ? ಮೂತಿ ಎತ್ತೇ! ನನ್ ಮುಖ ನೋಡೇ!"

ಎದುರು ಸಾಲಿನಿಂದ ಪಿಸಿಲಾ ಓಡಿಬಂದು ಅವಳ ಕಂಕುಳಿಗೆ ಕೈಹಾಕಿ ಎಬ್ಬಿಸಿದಳು. ಪಿಸಿಲಾಳೂ ಟೋಂಗಾದವಳೇ, ಹಿಂದೆಯೂ ಇದೇ ಶೆಡ್ಡಿಗೆ ಬಂದು ಹೋದವಳು. "ಏಳವ್ವ, ಏಳು. ಇವ್ರ ಕಡೆ ಹಂಗಲ್ಲ ಕಣೇ" ಎಂದು ಕಿವಿಯಲ್ಲಿ ಹೇಳಿ, ಡ್ಯಾರನ್ನಿಗೆ ಹಲ್ಲು ಕಿರಿದು ಕ್ಷಮೆ ಕೇಳಿದಳು.

ಊಟದ ಬಿಡುವಿನಲ್ಲಿ ನೀರಿನ ತೊಟ್ಟಿಯ ಪಕ್ಕ ಪಾಠ ನಡೆಯಿತು.

"ಇಲ್ಲಿ ಬೈಸ್ಕಳೋವಾಗ ಕಂಬದ ಥರ ನಿಂತ್ಕಬೇಕು. ಕಣ್ಣಾಗೆ ಕಣ್ಣಿಟ್ಟು ನೋಡ್ಬೇಕು. ತಲೆ ಬಗ್ಗಿಸ್ದೆ ಅನ್ನು, ಕಳ್ಳಿ ಅಂತಾರೆ."

"ನಮ್ಮಪ್ಪನ್ ವಯಸ್ಸು ಅವನ್ಗೆ. ಹೆಂಗಕ್ಕ ದುರುಗುಟ್ಕಂಡು ನೋಡ್ಲಿ?"

"ಹೆಸ್ರಿಡ್ದೇ ಕರೀಬೇಕು, ಗೊತ್ತಾ? 'ನಾವೆಲ್ಲ ಇಲ್ಲಿ ಗೆಳೇರು' ಅಂತಾನೆ. ಗೆಳೆಯ ಅಂತೆ ಗೆಳೆಯ! ಉಚ್ಚೆ ಹೊಯ್ಯೋಕೂ ಅವನ್ನ ಕೇಳ್ಬೇಕು."

ಲೆಸಿಯೇಲಿ ಕಲಿತಳು. ಬೈಸಿಕೊಳ್ಳುವಾಗ ನಿಲ್ಲುವುದನ್ನು ಕಲಿತಳು, ಹಿರಿಯನ ಕಣ್ಣಿನೊಳಗೆ ನೋಡುವುದನ್ನು ಕಲಿತಳು. ಹಾಗೆ ನೋಡಿದಾಗಲೆಲ್ಲ ಊರಿನಲ್ಲಿ ಯಾರೋ ದೊಡ್ಡವರ ಕೆನ್ನೆಗೆ ತಾನೇ ಹೊಡೆದ ಹಾಗಾಗಿ ರಾತ್ರಿ ಅನ್ನ ಸೇರುತ್ತಿರಲಿಲ್ಲ. ಆದರೂ ಶೆಡ್ಡಿನವರು ಇಟ್ಟ ಅಡ್ಡಹೆಸರು ಹೋಗಲಿಲ್ಲ. ಎಲ್ಲರ ಬಾಯಲ್ಲೂ ಅವಳು ಕುಂತಮ್ಮನೇ. "ಏನ್ ಕುಂತಮ್ಮ, ಕುರ್ಚಿ ತರಿಸ್ಲಾ?" ಎಂದು ಡ್ಯಾರನ್ ಹೋಗುತ್ತ ಬರುತ್ತ ಕೇಳುತ್ತಿದ್ದ. ಅವನ ಕೋಣೆಯದೊಂದು ಬಿಟ್ಟರೆ ಆ ಶೆಡ್ಡಿನಲ್ಲಿ ಕುರ್ಚಿಯೇ ಇರಲಿಲ್ಲ.

ಅವಳು ಕಡಲು ದಾಟಿ ಈ ಪರದೇಶಕ್ಕೆ ಬಂದದ್ದು ಸೂರಿಗಾಗಿ. ಚಂಡಮಾರುತ ಮನೆಯ ತಗಡನ್ನೆಲ್ಲ ಕಿತ್ತುಕೊಂಡು ಹೋಗಿ ಸಮುದ್ರಕ್ಕೆ ಹಾಕಿತ್ತು. ಅಪ್ಪ ಪೌಲಿಯಾಸಿ, ಅಮ್ಮ, ಮೂರು ಜನ ತಂಗಿಯರು ಟಾರ್ಪಾಲಿನ ಕೆಳಗೆ ಮಲಗುತ್ತಿದ್ದರು. ಎದೆಯ ಕೆಮ್ಮಿದ್ದ ಅಪ್ಪ ವಿಮಾನದ ತನಕ ಬಂದು, "ತಗಡು ಬಂದ್ ದಿನ ಲೂ ಮಾಡಿಸ್ತೀನಿ ಕಣವ್ವ, ಊರಿಗೆಲ್ಲ" ಎಂದಿದ್ದ. ಕೆಸುವಿನೆಲೆಯಲ್ಲಿ ಮಾಂಸ ಕಟ್ಟಿ, ತೆಂಗಿನಹಾಲು ಹುಯ್ದು, ನೆಲದ ಒಲೆಯಲ್ಲಿ ಬೇಯಿಸಿದ ಆ ಲೂವಿನ ವಾಸನೆ ಅವಳಿಗೆ ಬೆಲ್ಟಿನ ಮುಂದೆ ನಿಂತಾಗಲೂ ಬರುತ್ತಿತ್ತು. ತೋಟದಿಂದ ಬರುವ ಟೊಮೆಟೊ ಜತೆಗೆ ಕೆಂಪು ಮಣ್ಣೂ ಬರುತ್ತಿತ್ತು. ಅದು ಬೆಲ್ಟಿನ ಕೆಳಗೆ ಉದುರಿ ಸಂಜೆಯ ಹೊತ್ತಿಗೆ ಗುಡ್ಡೆಯಾಗುತ್ತಿತ್ತು. ಗುಡಿಸುವ ಸರದಿ ಬಂದಾಗ ಲೆಸಿಯೇಲಿ ಅದನ್ನು ಒಂದಿಷ್ಟು ಬೆರಳಲ್ಲಿ ಉಜ್ಜಿ ನೋಡುವಳು. ಅಪ್ಪನ ಗೆಣಸಿನ ತೋಟದ ಮಣ್ಣೂ ಇಷ್ಟೇ ಕೆಂಪು.

ಸುಗ್ಗಿಯ ನಡುವೆ ದೊಡ್ಡಪ್ಪ ವಿಲಿಯಾಮಿ ತೀರಿಕೊಂಡ. ಲೆಸಿಯೇಲಿ ಅಳುತ್ತ ಡ್ಯಾರನ್ನಿನ ಗಾಜಿನ ಕೋಣೆಗೆ ಹೋಗಿ "ನಮ್ಮಪ್ಪ ಹೋಗ್ಬಿಟ್ಟ" ಎಂದಳು. ಅವಳ ಊರಿನಲ್ಲಿ ಯಾರೇ ಆಗಿದ್ದರೂ ಹಾಗೇ ಹೇಳುತ್ತಿದ್ದರು. ಅಪ್ಪನ ಅಣ್ಣ ಅಪ್ಪನಲ್ಲದೆ ಪಕ್ಕದ ಬೀದಿಯವನೇ? ಅವಳನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟವನು, ಕಡಲಿಗೆ ಹೋದರೆ ಮೊದಲ ಮೀನು ಅವಳಿಗೇ ತಂದವನು. ಅವನನ್ನು ಬೇರೆ ಹೆಸರಿನಿಂದ ಕರೆದರೆ ಸತ್ತವನನ್ನು ಮನೆಯಿಂದ ಆಚೆ ಹಾಕಿದ ಹಾಗೆ.

ನಿಜ ಹೇಳಬೇಕೆಂದರೆ ಅವತ್ತು ಡ್ಯಾರನ್ ಒಳ್ಳೆಯವನೇ ಆಗಿದ್ದ. ಒಂದು ದಿನ ರಜೆ ಕೊಟ್ಟ. ಬಿಳಿ ಹೂವಿನ ಚಿತ್ರವಿದ್ದ ಕಾರ್ಡು ತರಿಸಿ ಎಲ್ಲರಿಂದ ರುಜು ಹಾಕಿಸಿದ. ಮರುದಿನ ಬೆಳಿಗ್ಗೆ ಸಾಲು ನಿಲ್ಲಿಸಿ, "ನಮ್ ಕುಂತಮ್ಮನ್ ಅಪ್ಪ ಹೋಗ್ಬಿಟ್ರು. ಈ ಶೆಡ್ಡು ಒಂದು ಮನೆ ಇದ್ದಂಗೆ, ನೆನಪಿರ್ಲಿ" ಎಂದು ಭಾಷಣ ಮಾಡಿದ. ಅವನ ಕಣ್ಣಲ್ಲಿ ನೀರೂ ಬಂತು. ಲೆಸಿಯೇಲಿಗೆ ಅವನ ಮೇಲೆ ಪ್ರೀತಿ ಹುಟ್ಟಿತು. ಕಾರ್ಡನ್ನು ಬೈಬಲ್ಲಿನ ನಡುವೆ ಇಟ್ಟುಕೊಂಡಳು.

ಅದಾಗಿ ಎರಡು ತಿಂಗಳಿಗೆ, ಟಾರ್ಪಾಲಿನ ಕೆಳಗೆ, ಕೆಮ್ಮಿ ಕೆಮ್ಮಿ, ಪೌಲಿಯಾಸಿ ಸತ್ತ.

ನಾಳೆ ಅಲ್ಲಿ ಹನ್ನೊಂದಕ್ಕೆ ಮಣ್ಣು, ಆಗ ಇಲ್ಲಿ ಬೆಳಿಗ್ಗೆ ಎಂಟು. ಊರಿಗೆ ಹೋಗಿ ಮುಟ್ಟುವ ಮಾತೇ ಇರಲಿಲ್ಲ. ಅವಳು ಕೇಳಿದ್ದು ಒಂದು ಗಂಟೆ, ಹೊರಗೆ ಮರದ ಕೆಳಗೆ ಕೂತು ಫೋನಿನಲ್ಲಿ ಅಪ್ಪನ ಮಣ್ಣು ನೋಡುವುದಕ್ಕೆ. ಪಿಸಿಲಾ ಕಲಿಸಿದ ಹಾಗೆ ನೆಟ್ಟಗೆ ನಿಂತು, ಕಣ್ಣಿಗೆ ಕಣ್ಣು ಕೊಟ್ಟು ಕೇಳಿದಳು.

ಡ್ಯಾರನ್ ಕುರ್ಚಿಯಲ್ಲಿ ಹಿಂದಕ್ಕೆ ವಾಲಿದ. "ಯಾರು ಸತ್ತಿದ್ದು ಅಂದೆ?"

"ನಮ್ಮಪ್ಪ."

"ನಿಮ್ಮಪ್ಪ ಆಗ್ಲೇ ಸತ್ನಲ್ಲೇ! ಕಾರ್ಡ್ ಕೊಟ್ಟಿಲ್ವಾ ನಾನು?"

"ಅದು ದೊಡ್ಡಪ್ಪ, ಡ್ಯಾರನ್."

"ಅವತ್ತು ಅಪ್ಪ ಅಂದೆ."

"ಹೂಂ. ಅವ್ನೂ ಅಪ್ಪನೇ."

ಡ್ಯಾರನ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಆಮೇಲೆ ಕೋಣೆಯ ಬಾಗಿಲು ತೆರೆದು, ಸಾಲಿಗೆಲ್ಲ ಕೇಳುವ ಹಾಗೆ ಹೇಳಿದ: "ಕೇಳಿಸ್ಕಳ್ರಪ್ಪೋ! ಕುಂತಮ್ಮನ್ ಅಪ್ಪ ಮತ್ತೆ ಸತ್ತಿದಾನಂತೆ! ಏನೇ, ಎಷ್ಟ್ ಜನ ಗಂಡಂದ್ರೇ ನಿಮ್ಮವ್ವಂಗೆ?"

ಪ್ಯಾಕಿಂಗ್ ಕಡೆಯಿಂದ ಯಾರೋ ನಕ್ಕರು. ಲೆಸಿಯೇಲಿಯ ಕಾಲು ತಾನಾಗಿ ಮಡಚಿಕೊಳ್ಳಲು ಹೋಯಿತು. ನೆಲಕ್ಕೆ ಕುಸಿದು ಮುಖ ಮುಚ್ಚಿಕೊಳ್ಳಬೇಕೆನ್ನಿಸಿತು. ಕುಸಿಯಲಿಲ್ಲ. ನೀರು ತುಂಬಿದ ಕಣ್ಣುಗಳನ್ನು ಅವನ ಕಣ್ಣುಗಳ ಮೇಲೇ ಇಟ್ಟು ನಿಂತಳು.

"ನೋಡು ನೋಡು, ಕಣ್ಣಾಗ್ ಕಣ್ಣಿಟ್ಟು ಸುಳ್ ಹೇಳ್ತಾಳೆ, ಹಲ್ಕಾ ಮುಂಡೆ! ನನ್ನ ಅಳ್ಸಿದ್ಯಲ್ಲೇ ಅವತ್ತು. ಎಲ್ರೆದುರ್ಗೆ ಅಳ್ಸಿದೆ!" ಅವನ ಮುಖ ಕೆಂಪಾಗಿತ್ತು. ಮೋಸಹೋದೆನೆಂಬ ನೋವು ಅವನಿಗೆ ನಿಜವಾಗಿಯೇ ಆಗಿತ್ತು. "ನಾಳೆ ಬೆಲ್ಟ್ ಬಿಟ್ಟು ಒಂದ್ ಹೆಜ್ಜೆ ಆಚೆ ಇಟ್ರೆ ಹಂಗೇ ವಿಮಾನ ಹತ್ತು. ನಿನ್ ಜಾಗಕ್ಕೆ ನಿಮ್ಮೂರಲ್ಲೇ ಸಾಲು ನಿಂತವ್ರೆ."

ಅದು ಬರೀ ಬೆದರಿಕೆಯಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಟೋಂಗಾದಿಂದ ಬಂದವರಿಗೆ ಕೆಲಸದ ಅನುಮತಿ ಈ ಒಂದು ತೋಟಕ್ಕೆ ಮಾತ್ರ. ಇಲ್ಲಿ ಬೇಡವೆಂದರೆ ಆ ದೇಶದಲ್ಲೇ ಬೇಡ.

ಸಂಜೆ ಲೆಸಿಯೇಲಿಯ ಬಿಡಾರಕ್ಕೆ ಅತ್ತೆ ತೊವಾಕಾಸೆ ಬಂದಳು. ಅವಳು ಪೌಲಿಯಾಸಿಯ ಅಕ್ಕ. ಎಂದೋ ಈ ದೇಶಕ್ಕೆ ಬಂದು, ಹತ್ತಿರದ ಪಟ್ಟಣದ ವಸತಿಗೃಹದಲ್ಲಿ ಕೋಣೆ ಗುಡಿಸುತ್ತ ತಲೆ ನರೆತವಳು. ಟೋಂಗಾದ ಸಾವಿನ ಮನೆಯಲ್ಲಿ ಸತ್ತವನ ಅಕ್ಕನ ಮಾತೇ ಮಾತು. ಅವಳ ಮುಂದೆ ಮಕ್ಕಳು ಉಸಿರೆತ್ತುವಂತಿಲ್ಲ. ಲೆಸಿಯೇಲಿ ಅವಳ ಕಾಲಬಳಿ ಕೂತಳು. ತಿಂಗಳುಗಳ ನಂತರ ಕೂರಬೇಕಾದ ಜಾಗದಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತಳು.

ತೊವಾಕಾಸೆ ಚೀಲದಿಂದ ಕತ್ತರಿ ತೆಗೆದು ಸೊಸೆಯ ಸೊಂಟದ ತನಕ ಇದ್ದ ಜಡೆಯನ್ನು ಕತ್ತಿನ ಹತ್ತಿರ ಕತ್ತರಿಸಿದಳು. ಅವರಲ್ಲಿ ಅಪ್ಪ ಬದುಕಿರುವ ತನಕ ಮಕ್ಕಳು ಅಪ್ಪನ ತಲೆ ಮುಟ್ಟುವಂತಿಲ್ಲ, ಅಪ್ಪ ಕಚ್ಚಿ ಬಿಟ್ಟದ್ದನ್ನು ತಿನ್ನುವಂತಿಲ್ಲ. ಸತ್ತ ಮೇಲೆ ಮಗಳ ತಲೆಯ ಕೂದಲು ಅಪ್ಪನಿಗೆ. ಆಮೇಲೆ ಅತ್ತೆ ಒಂದು ಹಳೆಯ ಚಾಪೆ ಬಿಚ್ಚಿದಳು. ಸಾವಿನಲ್ಲಿ ನಡುವಿಗೆ ಸುತ್ತಿಕೊಳ್ಳುವ ಚಾಪೆ. ಸತ್ತವನಿಗೆ ಎಷ್ಟು ಹತ್ತಿರವೋ, ಎಷ್ಟು ಚಿಕ್ಕವರೋ, ಚಾಪೆ ಅಷ್ಟು ಹರಕಾಗಿರಬೇಕು. ಇದರ ಅಂಚೆಲ್ಲ ಎಳೆಎಳೆಯಾಗಿ ಜೋಲುತ್ತಿತ್ತು.

"ಅತ್ತೆ, ಆಚೆ ಹೋದ್ರೆ ಕೆಲ್ಸ ಹೋಯ್ತದೆ. ಕೆಲ್ಸ ಹೋದ್ರೆ ಅಮ್ಮಂಗೆ ಸೂರಿಲ್ಲ. ಅಪ್ಪ ಅದಕ್ಕೇ ಕಳ್ಸಿದ್ದು."

"ಆಚೆ ಹೋಗ್ಬ್ಯಾಡ. ನಾನೇನ್ ಹೋಯ್ತಿದೀನಾ? ನಾಳೆ ನಂಗೂ ರಜ ಇಲ್ಲ." ಮುದುಕಿ ಕತ್ತರಿಸಿದ ಜಡೆಯನ್ನು ಬಟ್ಟೆಯಲ್ಲಿ ಸುತ್ತಿದಳು. "ನಮ್ಮವ್ವಂಗೆ ಮಣ್ಣು ಹಾಕೋ ಹೊತ್ನಲ್ಲಿ ನಾನು ಯಾವನೋ ವಾಂತಿ ಮಾಡಿದ್ ಹಾಸ್ಗೆ ತೊಳೀತಿದ್ದೆ. ಚಾಪೆ ಸುತ್ಕಂಡಿರ್ಲಿಲ್ಲ. ಯಾರ್ಗೂ ಹೇಳ್ಲೂ ಇಲ್ಲ. ಈಗ್ಲೂ ಅವ್ವ ಕನಸ್ನಾಗ್ ಬಂದು ಬೆನ್ನು ತಿರುಗಿಸ್ಕಂಡು ಕುಂತ್ಕತಾಳೆ."

ಚಾಪೆಯನ್ನು ಲೆಸಿಯೇಲಿಯ ಮಡಿಲಿಗೆ ಹಾಕಿ, "ನಾನು ನಿಂಗೆ ಏನೂ ಹೇಳಲ್ಲ. ನಿಮ್ಮಪ್ಪ ನಿನ್ ಕನಸ್ಗೆ ಹೆಂಗ್ ಬರ್ಬೇಕೋ ನೀನೇ ನೋಡ್ಕ" ಎಂದು ಎದ್ದುಹೋದಳು.

ಬೆಳಿಗ್ಗೆ ಲೆಸಿಯೇಲಿ ಚಾಪೆ ಸುತ್ತಿಕೊಂಡು ಅದರ ಮೇಲೆ ಏಪ್ರನ್ ಕಟ್ಟಿಕೊಂಡು ಬೆಲ್ಟಿಗೆ ಬಂದಳು. ಏಪ್ರನ್ನಿನ ಕೆಳಗೆ ಚಾಪೆಯ ಎಳೆಗಳು ಮೊಣಕಾಲಿನ ತನಕ ಜೋಲುತ್ತಿದ್ದವು. ಪಿಸಿಲಾ ನೋಡಿ ತುಟಿ ಕಚ್ಚಿ ಮುಖ ತಿರುಗಿಸಿದಳು. ಅವಳ ಫೋನು ಎಲ್ಲರ ಫೋನುಗಳ ಜತೆ ಬೀರುವಿನಲ್ಲಿ ಬೀಗದೊಳಗಿತ್ತು. ಹಣ್ಣು ಬರುತ್ತಿತ್ತು, ಕೈ ಆಡುತ್ತಿತ್ತು, ಗೋಡೆಯ ಗಡಿಯಾರ ಎಂಟರ ಕಡೆಗೆ ನಡೆಯುತ್ತಿತ್ತು. ಈಗ ಚರ್ಚಿನಿಂದ ಹೊರಟಿರುತ್ತಾರೆ. ಈಗ ಹಾಡುತ್ತ ಗುಡ್ಡ ಹತ್ತುತ್ತಿರುತ್ತಾರೆ. ಕೊನೆಯ ತಂಗಿ ಫೀಫಿಟ ಅಪ್ಪನ ಪೆಟ್ಟಿಗೆಯನ್ನು ಬಿಡಲಾರೆ ಎನ್ನುತ್ತಿರುತ್ತಾಳೆ, ಅವಳನ್ನು ಎತ್ತಿಕೊಳ್ಳುವುದಕ್ಕೆ ಅಕ್ಕನಿಲ್ಲ.

ಡ್ಯಾರನ್ ಬಂದ. "ಏನೇ ಅದು, ಹಂದಿಗೂಡಿನ್ ಚಾಪೆ? ತಿನ್ನೋ ಪದಾರ್ಥ ಇರೋ ಜಾಗ ಇದು. ಬಿಚ್ಚಾಕು."

"ಇಲ್ಲ."

"ಏನಂದೆ?"

ಗಡಿಯಾರದಲ್ಲಿ ಎಂಟಾಯಿತು. ಲೆಸಿಯೇಲಿ ಕೈಯಲ್ಲಿದ್ದ ಟೊಮೆಟೊವನ್ನು ಬೆಲ್ಟಿನ ಮೇಲೆ ಮೆಲ್ಲಗೆ ಇಟ್ಟಳು. ಏಪ್ರನ್ ಬಿಚ್ಚಿ ಕಂಬಿಗೆ ಹಾಕಿದಳು. ಬೆಲ್ಟು ಬಿಟ್ಟು ಒಂದು ಹೆಜ್ಜೆಯನ್ನೂ ಆಚೆ ಇಡದೆ, ನಿಂತಿದ್ದ ಜಾಗದಲ್ಲೇ ಕಾಲು ಮಡಚಿ ಕೂತಳು.

"ಏಳೇ ಮೇಲೆ!"

ಅವಳು ತಲೆ ತಗ್ಗಿಸಿದ್ದಳು. ತಗ್ಗಿಸಿದ್ದು ಅವನಿಗಲ್ಲ.

ಬೆಲ್ಟು ಓಡುತ್ತಲೇ ಇತ್ತು. ಅವಳ ಜಾಗದಲ್ಲಿ ಆರಿಸುವ ಕೈಯಿಲ್ಲದೆ ಕಾಯಿ, ಹಣ್ಣು, ಕೊಳೆತದ್ದು ಎಲ್ಲ ಒಟ್ಟಿಗೆ ಮುಂದಕ್ಕೆ ಹೋದವು. "ಪಿಸಿಲಾ, ಅವಳ್ ಜಾಗ ನೋಡ್ಕ!" ಎಂದು ಡ್ಯಾರನ್ ಕೂಗಿದ. ಪಿಸಿಲಾ ತನ್ನ ಮುಂದಿನ ಹಣ್ಣನ್ನು ಆರಿಸುತ್ತಲೇ ಇದ್ದಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಆದರೆ ಲೆಸಿಯೇಲಿಯ ಪಾಲಿನ ಒಂದು ಹಣ್ಣನ್ನೂ ಅವಳು ಮುಟ್ಟಲಿಲ್ಲ. ಅವಳಾಚೆಯವಳೂ ಮುಟ್ಟಲಿಲ್ಲ. ನಿನ್ನೆ ನಕ್ಕವರು ಯಾರೋ, ಅವರ ಸದ್ದೂ ಇರಲಿಲ್ಲ. ಬೆಲ್ಟಿನ ತುದಿಯಲ್ಲಿ ಪೆಟ್ಟಿಗೆ ತುಂಬಿ ಟೊಮೆಟೊ ನೆಲಕ್ಕೆ ಬೀಳತೊಡಗಿತು.

"ಕೆಲ್ಸ ಹೋಯ್ತು ನಿಂದು! ಕೇಳಿಸ್ತೇನೇ? ಹೋಯ್ತು!"

ಕೇಳಿಸಿತು. ಅಮ್ಮನ ತಗಡು ಹೋಯಿತು, ಇನ್ನೊಂದು ಮಳೆಗಾಲ ಟಾರ್ಪಾಲು. ಅವಳಿಗೆ ಎಲ್ಲವೂ ಕೇಳಿಸಿತು. ಅಪ್ಪಾ, ತಪ್ಪಾಯ್ತು, ಸೂರು ತರಲಾಗಲಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡು, ಬೆಲ್ಟಿನ ಕೆಳಗೆ ಕೈ ಚಾಚಿ ಅಲ್ಲಿ ಉದುರಿದ್ದ ಕೆಂಪು ಮಣ್ಣನ್ನು ಅಂಗೈಯಲ್ಲಿ ಬಳಿದಳು. ಬಳಿದು ಬಳಿದು ಚಾಪೆಯ ಮಡಿಲಿಗೆ ಹಾಕಿಕೊಂಡಳು. ಊರಿನಲ್ಲಿ ಈಗ ಎಲ್ಲರೂ ಒಂದೊಂದು ಹಿಡಿ ಹಾಕುತ್ತಿರುತ್ತಾರೆ. ಹಿರಿಮಗಳ ಹಿಡಿ ಬಾಕಿ.

ಬಳಿಯುತ್ತ ಬಳಿಯುತ್ತ ಅವಳ ಕೈ ಡ್ಯಾರನ್ನಿನ ಬೂಟಿನ ತನಕ ಬಂದು ನಿಂತಿತು. ಬೂಟು ಮಣ್ಣಿನ ಗುಡ್ಡೆಯ ಮೇಲಿತ್ತು.

ಲೆಸಿಯೇಲಿ ಕೂತಲ್ಲಿಂದಲೇ ತಲೆ ಎತ್ತಿ, ಅವನು ಹೇಳಿದ್ದ ಹಾಗೆಯೇ, ಅವನ ಕಣ್ಣಿನೊಳಗೆ ನೋಡಿದಳು.

"ಕಾಲೆತ್ತು" ಎಂದಳು. "ನಮ್ಮಪ್ಪನ್ ಮಣ್ಣು."